ಗಡಿಯಲ್ಲಿರುವ ಯೋಧರ ಸಂಬಳ, ಭತ್ಯೆ, ಸೌಲಭ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಸೈನ್ಯಕ್ಕೆ ಹೋದವರ ಮನೆಯವರು ಕೇಳುತ್ತಾ ಬಂದಿರುವ ಪ್ರಶ್ನೆಗಳಿವು. ನಾನು ಯೂನಿಟ್ಟಿನ ಕಚೇರಿಯಲ್ಲಿ ಕ್ಲರ್ಕ್ ಆಗಿ ನಿವೃತ್ತನಾದವನು ಎಂದು ತಿಳಿದ ಮೇಲೆ ಜಗಳೂರು, ಹೊಳಲ್ಕೆರೆ, ಚನ್ನಗಿರಿ, ಹಿರಿಯೂರಿನ ಕಡೆಯಿಂದ ಜನ ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ಕಟ್ಟಿಕೊಂಡು ಬರುತ್ತಾರೆ. ಕೆಲವರು ಪತ್ರ ಬರೆಯುತ್ತಾರೆ. ಬಹುತೇಕರು ತಾಯಂದಿರು, ಹೆಂಡತಿಯರು, ತಮ್ಮಂದಿರು. ಗಡಿಯಲ್ಲಿರುವವನಿಗೆ ಫೋನ್ ಸಿಗುವುದಿಲ್ಲ, ಸಿಕ್ಕಾಗ ದುಡ್ಡಿನ ಮಾತು ಆಡಲು ಮನಸ್ಸಾಗುವುದಿಲ್ಲ. ಹಾಗಾಗಿ ತಿಳಿದುಕೊಳ್ಳಬೇಕಾದವರು ಮನೆಯವರೇ.

ಇಲ್ಲಿ ಹೇಳಿರುವುದು ಮುಖ್ಯವಾಗಿ ಭೂಸೇನೆಯ ಜವಾನರಿಗೂ ಜೆ.ಸಿ.ಓ.ಗಳಿಗೂ (ನಾಯಬ್ ಸುಬೇದಾರ್‌ನಿಂದ ಸುಬೇದಾರ್ ಮೇಜರ್‌ವರೆಗಿನವರಿಗೂ) ಸಂಬಂಧಿಸಿದ್ದು. ಅಂಕಿಗಳು ಏಳನೇ ವೇತನ ಆಯೋಗದವು. ಎಂಟನೇ ಆಯೋಗದ ರಚನೆಗೆ ಕೇಂದ್ರ ಸರ್ಕಾರ 2025ರಲ್ಲಿ ಒಪ್ಪಿಗೆ ಕೊಟ್ಟಿದೆ. ಅದರ ಶಿಫಾರಸು ಜಾರಿಯಾದಾಗ ಮೊತ್ತಗಳು ಬದಲಾಗುತ್ತವೆ.

## ಸಂಬಳದ ಚೀಟಿ

ನನ್ನ ಮಗ ಸಿಪಾಯಿ. ಅವನ ಸಂಬಳ ನಿಜವಾಗಿ ಎಷ್ಟು? ಒಬ್ಬರು ಮೂವತ್ತು ಸಾವಿರ ಎನ್ನುತ್ತಾರೆ, ಇನ್ನೊಬ್ಬರು ಅರವತ್ತು ಎನ್ನುತ್ತಾರೆ.

ಇಬ್ಬರ ಮಾತೂ ಪೂರ್ತಿ ಸುಳ್ಳಲ್ಲ, ಅಮ್ಮಾ. ಸಂಬಳ ಒಂದೇ ಮೊತ್ತವಲ್ಲ. ಮೊದಲನೆಯದು ಮೂಲ ವೇತನ. ಸಿಪಾಯಿಗೆ ಇದು 21,700 ರೂಪಾಯಿಯಿಂದ ಆರಂಭ. ಅದರ ಮೇಲೆ ಮಿಲಿಟರಿ ಸರ್ವಿಸ್ ಪೇ 5,200 ರೂಪಾಯಿ. ಎರಡೂ ಸೇರಿ 26,900. ಈ ಮೊತ್ತದ ಮೇಲೆ ತುಟ್ಟಿಭತ್ಯೆ. 2025ರ ಜುಲೈಯಿಂದ ಜಾರಿಗೆ ಬಂದ ದರ ಶೇ 58. ಅಂದರೆ 15,602 ರೂಪಾಯಿ. ಇಷ್ಟಕ್ಕೇ 42,502 ಆಯಿತು. ಹೊಸದಾಗಿ ಸೇರಿದ ಕಾಯಂ ಸಿಪಾಯಿಯ ಲೆಕ್ಕ ಇದು.

ಇನ್ನು ಇದಕ್ಕೆ ಸೇರುವುದು ಅವನು ಎಲ್ಲಿದ್ದಾನೆ, ಕುಟುಂಬ ಎಲ್ಲಿದೆ ಎಂಬುದರ ಮೇಲೆ ಸಿಗುವ ಭತ್ಯೆಗಳು. ಕಳೆಯುವುದು ವಿಮೆ, ಭವಿಷ್ಯನಿಧಿ, ಸಾಲದ ಕಂತು. ಆದ್ದರಿಂದಲೇ ಒಂದೇ ವರ್ಷ ಭರ್ತಿಯಾದ ಇಬ್ಬರು ಹುಡುಗರ ಖಾತೆಗೆ ಬೇರೆ ಬೇರೆ ಮೊತ್ತ ಬರುತ್ತದೆ. ನೆರೆಮನೆಯ ಹುಡುಗನ ಲೆಕ್ಕದಿಂದ ನಿಮ್ಮ ಮಗನನ್ನು ಅಳೆಯಬೇಡಿ.

ಬಡ್ತಿಯಾದಂತೆ ಮೂಲ ವೇತನದ ಆರಂಭ ಹೀಗೆ ಏರುತ್ತದೆ: ನಾಯಕ್ 25,500, ಹವಾಲ್ದಾರ್ 29,200, ನಾಯಬ್ ಸುಬೇದಾರ್ 35,400, ಸುಬೇದಾರ್ 44,900, ಸುಬೇದಾರ್ ಮೇಜರ್ 47,600. ವರ್ಷಕ್ಕೊಮ್ಮೆ ಸುಮಾರು ಶೇ 3ರ ವೇತನ ಬಡ್ತಿ (ಇನ್‌ಕ್ರಿಮೆಂಟ್) ಸಿಗುತ್ತದೆ. ತುಟ್ಟಿಭತ್ಯೆ ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈ ಲೆಕ್ಕದಲ್ಲಿ, ಪರಿಷ್ಕರಣೆಯಾಗುತ್ತದೆ. ಘೋಷಣೆ ತಡವಾದರೂ ಬಾಕಿ ಸೇರಿಸಿ ಕೊಡುತ್ತಾರೆ.

ಮಿಲಿಟರಿ ಸರ್ವಿಸ್ ಪೇ ಭತ್ಯೆಯೇ, ಸಂಬಳವೇ?

ಸಂಬಳ. ಜವಾನರಿಗೂ ಜೆ.ಸಿ.ಓ.ಗಳಿಗೂ 5,200, ಬ್ರಿಗೇಡಿಯರ್ ಹುದ್ದೆಯವರೆಗಿನ ಅಧಿಕಾರಿಗಳಿಗೆ 15,500. ತುಟ್ಟಿಭತ್ಯೆಯ ಲೆಕ್ಕಕ್ಕೂ ಪಿಂಚಣಿಯ ಲೆಕ್ಕಕ್ಕೂ ಇದು ಸೇರುತ್ತದೆ. ವಾರ್ಷಿಕ ವೇತನ ಬಡ್ತಿಯ ಲೆಕ್ಕಕ್ಕೆ ಮಾತ್ರ ಸೇರುವುದಿಲ್ಲ.

ಗಡಿಗೆ ಹೋದರೆ ಸಂಬಳ ಎರಡು ಪಟ್ಟು ಆಗುತ್ತದಂತೆ, ಹೌದೇ?

ಎಲ್ಲರಿಗೂ ಆಗುವುದಿಲ್ಲ. ಮೂಲ ವೇತನ ದಾವಣಗೆರೆಯ ರೈಲ್ವೆ ನಿಲ್ದಾಣದಲ್ಲಿ ರಜೆಯ ಮೇಲೆ ಇಳಿದಾಗಲೂ ಅಷ್ಟೇ, ಬಂಕರಿನಲ್ಲಿ ಕುಳಿತಾಗಲೂ ಅಷ್ಟೇ. ಬದಲಾಗುವುದು ಅಪಾಯ ಮತ್ತು ಕಷ್ಟದ ಭತ್ಯೆ. ಸರ್ಕಾರ ಪ್ರದೇಶಗಳನ್ನು ಅಪಾಯ ಎಷ್ಟು, ಬದುಕುವ ಕಷ್ಟ ಎಷ್ಟು ಎಂಬ ಎರಡು ಅಳತೆಯಲ್ಲಿ ವಿಂಗಡಿಸಿ ಕೋಷ್ಟಕ ಮಾಡಿದೆ. ಫೀಲ್ಡ್ ಪ್ರದೇಶ, ಮಾರ್ಪಡಿಸಿದ ಫೀಲ್ಡ್ ಪ್ರದೇಶ, ಎತ್ತರದ ಪ್ರದೇಶ, ಉಗ್ರರ ವಿರುದ್ಧದ ಕಾರ್ಯಾಚರಣೆಯ ಪ್ರದೇಶ ಎಂದು ಬೇರೆ ಬೇರೆ ಹೆಸರುಗಳಿವೆ.

2017ರ ಜುಲೈಯಿಂದ ಜಾರಿಗೆ ಬಂದ ದರಗಳನ್ನು ನೋಡಿ. ಫೀಲ್ಡ್ ಪ್ರದೇಶದ ಭತ್ಯೆಗಳು ತಿಂಗಳಿಗೆ 6,000ದಿಂದ 16,900ರವರೆಗೆ. ಉಗ್ರರ ವಿರುದ್ಧದ ಕಾರ್ಯಾಚರಣೆಗೂ ಇದೇ ವ್ಯಾಪ್ತಿ. ಎತ್ತರದ ಪ್ರದೇಶದ ಭತ್ಯೆ 3,400ರಿಂದ 25,000. ಎಲ್ಲಕ್ಕಿಂತ ಮೇಲೆ ಸಿಯಾಚಿನ್: ಜವಾನರಿಗೂ ಜೆ.ಸಿ.ಓ.ಗಳಿಗೂ 14,000 ಇದ್ದದ್ದು 30,000 ಆಯಿತು, ಅಧಿಕಾರಿಗಳಿಗೆ 21,000 ಇದ್ದದ್ದು 42,500 ಆಯಿತು. ಪ್ರತಿ ವ್ಯಾಪ್ತಿಯ ಕೆಳಗಿನ ಅಂಚು ಜವಾನರದು, ಮೇಲಿನ ಅಂಚು ಅಧಿಕಾರಿಗಳದು. ನಡುವೆ ಜಾಗಕ್ಕೆ ತಕ್ಕ ಹಂತಗಳಿವೆ. ತುಟ್ಟಿಭತ್ಯೆ ಶೇ 50 ಏರಿದಾಗಲೆಲ್ಲ ಈ ದರಗಳು ಶೇ 25 ಏರಬೇಕೆಂಬ ನಿಯಮವಿದೆ. 2024ರ ಜನವರಿಯಲ್ಲಿ ತುಟ್ಟಿಭತ್ಯೆ ಆ ಮಟ್ಟ ಮುಟ್ಟಿತು.

ಸಿಯಾಚಿನ್‌ನಲ್ಲಿರುವ ಸಿಪಾಯಿಯ ಸಂಬಳ ನಿಜಕ್ಕೂ ಎರಡು ಪಟ್ಟಿನ ಹತ್ತಿರ ಹೋಗುತ್ತದೆ. ಆದರೆ ಅಲ್ಲಿ ಯಾರೂ ವರ್ಷಗಟ್ಟಲೆ ಇರುವುದಿಲ್ಲ. ಆ ಕೆಲವು ತಿಂಗಳ ಲೆಕ್ಕ ನಂಬಿಕೊಂಡು ಟ್ರ್ಯಾಕ್ಟರಿನ ಕಂತು ಕಟ್ಟಲು ಒಪ್ಪಿಕೊಂಡವರ ಮನೆಯಲ್ಲಿ ಮುಂದಿನ ವರ್ಷ ಜಗಳ ಶುರುವಾಗುವುದನ್ನು ನೋಡಿದ್ದೇನೆ. ಗಡಿಯ ಭತ್ಯೆಯನ್ನು ಉಳಿತಾಯಕ್ಕೆ ಇಡಿ. ಕಂತನ್ನು ಮೂಲ ವೇತನ ಹೊರುವಷ್ಟೇ ಇಟ್ಟುಕೊಳ್ಳಿ.

ಈ ತಿಂಗಳು ಸಂಬಳ ಕಡಿಮೆ ಬಂದಿದೆ. ಮಧ್ಯದಲ್ಲಿ ಯಾರಾದರೂ ಮುರಿದುಕೊಂಡರೇ?

ಯಾರೂ ಮುರಿದುಕೊಂಡಿಲ್ಲ. ಹೆಚ್ಚಾಗಿ ನಡೆಯುವುದು ಹೀಗೆ. ಯೂನಿಟ್ ಫೀಲ್ಡ್ ಪ್ರದೇಶದಿಂದ ಶಾಂತಿ ಪ್ರದೇಶಕ್ಕೆ, ಅಂದರೆ ಒಳನಾಡಿನ ಠಾಣೆಗೆ, ಬರುತ್ತದೆ. ಆ ಬದಲಾವಣೆಯ ಆದೇಶ ಪೇ ಆಫೀಸ್ ತಲುಪುವಷ್ಟರಲ್ಲಿ ಒಂದೆರಡು ತಿಂಗಳ ಹಳೆಯ ಭತ್ಯೆ ಖಾತೆಗೆ ಬಂದುಬಿಟ್ಟಿರುತ್ತದೆ. ಹೆಚ್ಚಾಗಿ ಕೊಟ್ಟದ್ದನ್ನು ಮುಂದಿನ ತಿಂಗಳುಗಳಲ್ಲಿ ಹಿಡಿಯುತ್ತಾರೆ. ಪೇ ಸ್ಲಿಪ್ಪಿನಲ್ಲಿ ಇದು ಡೆಬಿಟ್ ಎಂದು ಕಾಣುತ್ತದೆ. ಇದೇ ತಡದಿಂದ ಬರಬೇಕಾದದ್ದು ತಡವಾಗಿ ಒಟ್ಟಿಗೆ ಬರುವುದೂ ಉಂಟು.

ಜವಾನರ ಸಂಬಳದ ಲೆಕ್ಕ ಇಡುವುದು ಅವರವರ ರೆಜಿಮೆಂಟಿನ ಪೇ ಅಕೌಂಟ್ಸ್ ಆಫೀಸ್. ಮದ್ರಾಸ್ ಎಂಜಿನಿಯರ್ ಗ್ರೂಪಿನವರಾದರೆ ಬೆಂಗಳೂರು, ಮರಾಠಾ ಲೈಟ್ ಇನ್‌ಫೆಂಟ್ರಿಯವರಾದರೆ ಬೆಳಗಾವಿ. ಪೇ ಸ್ಲಿಪ್ 'ಹಮ್‌ರಾಜ್' ಆಪ್‌ನಲ್ಲಿ ಸಿಗುತ್ತದೆ. ಅದನ್ನು ತೆಗೆದು ಹಿಂದಿನ ತಿಂಗಳ ಸ್ಲಿಪ್ಪಿನ ಪಕ್ಕ ಇಟ್ಟು ಸಾಲು ಸಾಲಾಗಿ ಹೋಲಿಸಿದರೆ ಕಾರಣ ತಾನಾಗಿ ಸಿಗುತ್ತದೆ. ಸಿಗದಿದ್ದರೆ ಮಗನೇ ಯೂನಿಟ್ಟಿನ ಕ್ಲರ್ಕ್ ಮೂಲಕ ಲಿಖಿತವಾಗಿ ಕೇಳಬೇಕು. ಮನೆಯವರು ಬರೆದರೆ ಪೇ ಆಫೀಸ್ ಲೆಕ್ಕ ಕೊಡುವುದಿಲ್ಲ. ಒಂದು ಮಾತು: ಪೇ ಸ್ಲಿಪ್ಪಿನ ಚಿತ್ರವನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಸೇನಾ ಸಂಖ್ಯೆ, ಖಾತೆಯ ವಿವರ ಎಲ್ಲವೂ ಅದರಲ್ಲಿ ಇರುತ್ತದೆ.

ಇಷ್ಟೊಂದು ಕಡಿತ ಏಕೆ? ಆ ಹಣ ಮತ್ತೆ ಬರುತ್ತದೆಯೇ?

ಎರಡು ಕಡಿತಗಳು ದೊಡ್ಡವು. ಒಂದು ಆರ್ಮಿ ಗ್ರೂಪ್ ಇನ್ಶೂರೆನ್ಸ್. ಅದರ ಒಂದು ಭಾಗ ವಿಮೆಗೆ ಹೋಗುತ್ತದೆ, ಉಳಿದದ್ದು ಉಳಿತಾಯಕ್ಕೆ. ಉಳಿತಾಯದ ಭಾಗ ನಿವೃತ್ತಿಯ ದಿನ ಮೆಚ್ಯುರಿಟಿ ಹಣವಾಗಿ ಕೈಗೆ ಬರುತ್ತದೆ. ಇನ್ನೊಂದು ಭವಿಷ್ಯನಿಧಿ. ಅದು ಪೂರ್ತಿ ಅವನದೇ, ಬಡ್ಡಿಯೂ ಸೇರುತ್ತದೆ. ಭವಿಷ್ಯನಿಧಿಗೆ ಕನಿಷ್ಠಕ್ಕಿಂತ ಹೆಚ್ಚು ಕಟ್ಟುವ ಹುಡುಗನನ್ನು ಮನೆಯವರು ಬೈಯುತ್ತಾರೆ. ಬೈಯಬೇಡಿ, ಅವನು ಸರಿಯಾದ ಕೆಲಸವನ್ನೇ ಮಾಡುತ್ತಿದ್ದಾನೆ.

## ಊರಿನಲ್ಲಿರುವ ಕುಟುಂಬ

ಯಜಮಾನರು ಲಡಾಖ್‌ನಲ್ಲಿದ್ದಾರೆ. ನಾನು ಮಕ್ಕಳ ಓದಿಗಾಗಿ ದಾವಣಗೆರೆಯಲ್ಲಿ ಬಾಡಿಗೆ ಮನೆ ಮಾಡಿದ್ದೇನೆ. ಬಾಡಿಗೆ ಸೈನ್ಯ ಕೊಡುತ್ತದೆಯೇ?

ಬಾಡಿಗೆಯನ್ನು ನೇರವಾಗಿ ಕೊಡುವುದಿಲ್ಲ, ಮನೆ ಬಾಡಿಗೆ ಭತ್ಯೆ ಕೊಡುತ್ತದೆ. ಫೀಲ್ಡ್ ಪ್ರದೇಶಕ್ಕೆ ಕುಟುಂಬವನ್ನು ಕರೆದೊಯ್ಯುವಂತಿಲ್ಲ. ಆದ್ದರಿಂದ ಕುಟುಂಬ ಎಲ್ಲಿ ಇರುತ್ತದೆಂದು ಯೋಧ ಬರೆದುಕೊಡಬೇಕು. ಆ ಊರಿನ ದರ್ಜೆಯಂತೆ ಭತ್ಯೆ. ನಗರಗಳಲ್ಲಿ ಮೂರು ದರ್ಜೆ. ಬೆಂಗಳೂರು ಮೊದಲನೆಯದು, ಮೈಸೂರು, ಹುಬ್ಬಳ್ಳಿ-ಧಾರವಾಡದಂಥವು ಎರಡನೆಯದು. ದಾವಣಗೆರೆ, ಚಿತ್ರದುರ್ಗ ಎರಡೂ ಮೂರನೆಯದು. ತುಟ್ಟಿಭತ್ಯೆ ಶೇ 50 ಮುಟ್ಟಿದ ಮೇಲೆ ದರಗಳು ಕ್ರಮವಾಗಿ ಶೇ 30, 20, 10. ಅಂದರೆ ಮೂಲ ವೇತನ 21,700 ಇರುವವನಿಗೆ ದಾವಣಗೆರೆಯ ಲೆಕ್ಕದಲ್ಲಿ 2,170 ರೂಪಾಯಿ. ವಿದ್ಯಾನಗರದ ಕಡೆ ಎರಡು ಕೋಣೆಯ ಮನೆಗೆ ಇದು ಸಾಲುವುದಿಲ್ಲ ಎಂದು ನನಗೂ ಗೊತ್ತು. ಬೆಂಗಳೂರಿನ ವಿಳಾಸ ಕೊಟ್ಟರೆ ಹೆಚ್ಚು ಬರುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ದಯವಿಟ್ಟು ಬೇಡ. ಸುಳ್ಳು ವಿಳಾಸ ಸಿಕ್ಕಿಬಿದ್ದರೆ ಹಣ ವಾಪಸ್ ಹಿಡಿಯುವುದಷ್ಟೇ ಅಲ್ಲ, ಅವನ ಮೇಲೆ ಶಿಸ್ತುಕ್ರಮ ಆಗುತ್ತದೆ.

ಮಕ್ಕಳ ಶಾಲೆಯ ಫೀಸು ಎಷ್ಟು ವಾಪಸ್ ಬರುತ್ತದೆ?

ಮಕ್ಕಳ ಶಿಕ್ಷಣ ಭತ್ಯೆ 2017ರಿಂದ ಮಗುವಿಗೆ ತಿಂಗಳಿಗೆ 2,250 ಇತ್ತು, 2024ರ ಜನವರಿಯಿಂದ 2,812 ರೂಪಾಯಿ 50 ಪೈಸೆ. ಬದುಕಿರುವ ಮಕ್ಕಳಲ್ಲಿ ಹಿರಿಯ ಇಬ್ಬರಿಗೆ ಮಾತ್ರ. ಫೀಸು ಎಷ್ಟೇ ಕಟ್ಟಿದರೂ ಇಷ್ಟೇ ಮೊತ್ತ. ರಸೀದಿಗಳ ಕಂತೆ ಬೇಕಿಲ್ಲ, ಮಗು ಆ ವರ್ಷ ಅಲ್ಲಿ ಓದಿದೆ ಎಂದು ಶಾಲೆಯ ಮುಖ್ಯಸ್ಥರ ಪ್ರಮಾಣಪತ್ರ ಸಾಕು. ಶೈಕ್ಷಣಿಕ ವರ್ಷ ಮುಗಿದ ಮೇಲೆ ಒಂದೇ ಸಲ ಕೊಡುತ್ತಾರೆ. ಮನೆಯಿಂದ ಕನಿಷ್ಠ 50 ಕಿಲೋಮೀಟರ್ ದೂರದ ವಸತಿ ಶಾಲೆಯಲ್ಲಿದ್ದರೆ ಹಾಸ್ಟೆಲ್ ಸಹಾಯಧನ ಉಂಟು, ತಿಂಗಳಿಗೆ 8,437 ರೂಪಾಯಿ 50 ಪೈಸೆಯವರೆಗೆ. ಅಂಗವಿಕಲ ಮಗುವಿಗೆ ಶಿಕ್ಷಣ ಭತ್ಯೆ ಎರಡು ಪಟ್ಟು. ಈ ಕೊನೆಯದನ್ನು ಕೇಳಿ ಪಡೆಯುವವರು ತೀರಾ ಕಡಿಮೆ.

ಮಾವನವರಿಗೆ ಶಸ್ತ್ರಚಿಕಿತ್ಸೆ ಆಗಬೇಕು. ಮಿಲಿಟರಿ ಕಾರ್ಡು ಇಲ್ಲಿನ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ?

ಸೇವೆಯಲ್ಲಿರುವವನ ಕುಟುಂಬಕ್ಕೆ ಮಿಲಿಟರಿ ಆಸ್ಪತ್ರೆಯಲ್ಲಿ ಉಚಿತ ಚಿಕಿತ್ಸೆ. ಮಾಜಿ ಸೈನಿಕರ ಕುಟುಂಬಕ್ಕೆ 2003ರಲ್ಲಿ ಆರಂಭವಾದ ಇ.ಸಿ.ಎಚ್.ಎಸ್. ಎಂಬ ಆರೋಗ್ಯ ಯೋಜನೆ, ಅದರ ಕಾರ್ಡಿದ್ದರೆ ಗೊತ್ತುಮಾಡಿದ ಖಾಸಗಿ ಆಸ್ಪತ್ರೆಗಳೂ ನಡೆಯುತ್ತವೆ. ಜನ ಈ ಎರಡನ್ನೂ ಬೆರೆಸಿಕೊಂಡು ಆಸ್ಪತ್ರೆಯ ಕೌಂಟರಿನಲ್ಲಿ ನಿಂತು ಪೇಚಾಡುತ್ತಾರೆ. ನಿಮ್ಮ ಯಜಮಾನರು ಸೇವೆಯಲ್ಲಿದ್ದಾರೆ, ಆದ್ದರಿಂದ ಇ.ಸಿ.ಎಚ್.ಎಸ್. ನಿಮಗೆ ಅನ್ವಯಿಸದು.

ದಾವಣಗೆರೆಯಲ್ಲಿ ಮಿಲಿಟರಿ ಆಸ್ಪತ್ರೆ ಇಲ್ಲ. ಯೋಜಿತ ಶಸ್ತ್ರಚಿಕಿತ್ಸೆಯಾದರೆ ಬೆಂಗಳೂರಿನ ವಾಯುಸೇನೆಯ ಕಮಾಂಡ್ ಆಸ್ಪತ್ರೆಗೆ ಹೋಗಿ. ಮಾವನವರ ಹೆಸರು ಅವಲಂಬಿತರ ಕಾರ್ಡಿನಲ್ಲಿ ಇರಬೇಕು. ತಂದೆತಾಯಿ ಅವಲಂಬಿತರೆನಿಸಲು ಅವರ ಆದಾಯ ತಿಂಗಳಿಗೆ 9,000 ರೂಪಾಯಿ ಮತ್ತು ಅದರ ತುಟ್ಟಿಭತ್ಯೆಯ ಮಿತಿಯೊಳಗೆ ಇರಬೇಕು. ಹೃದಯಾಘಾತ, ಅಪಘಾತದಂಥ ತುರ್ತಿನಲ್ಲಿ ಹತ್ತಿರದ ಆಸ್ಪತ್ರೆಗೇ ಸೇರಿಸಿ, ಜೀವ ಮೊದಲು. ಸೇರಿಸಿದ ಕೂಡಲೇ ಯೂನಿಟ್ಟಿಗೆ ತಿಳಿಸಿ. ತುರ್ತು ಎಂದು ವೈದ್ಯರು ಬರೆದುಕೊಟ್ಟ ಪ್ರಮಾಣಪತ್ರ, ಡಿಸ್ಚಾರ್ಜ್ ಸಾರಾಂಶ, ಮೂಲ ಬಿಲ್ಲುಗಳು ಇದ್ದರೆ ಮಾತ್ರ ಮರುಪಾವತಿಗೆ ದಾರಿ.

ರಜೆ ವರ್ಷಕ್ಕೆ ಎಷ್ಟು? ರೈಲಿನ ಖರ್ಚು ಯಾರದು?

ಕಾಯಂ ಜವಾನನಿಗೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ. ಊರಿಗೆ ಬರಲು ರೈಲ್ವೆ ವಾರಂಟ್, ಅಂದರೆ ಉಚಿತ ಪ್ರಯಾಣದ ಚೀಟಿ, ಕೊಡುತ್ತಾರೆ. ಫೀಲ್ಡ್, ಎತ್ತರದ ಪ್ರದೇಶ ಮತ್ತು ಉಗ್ರರ ವಿರುದ್ಧದ ಕಾರ್ಯಾಚರಣೆಯಲ್ಲಿರುವವರಿಗೆ ಒಂದು ಹೆಚ್ಚುವರಿ ವಾರಂಟ್ ಇದೆ.

ಗಂಡ ಮನೆಗೆ ಹಣ ಕಳಿಸುವುದನ್ನೇ ನಿಲ್ಲಿಸಿದ್ದಾರೆ. ನ್ಯಾಯಾಲಯಕ್ಕೆ ಹೋದರೆ ಸಂಬಳ ಹಿಡಿಸಬಹುದೇ?

ಈ ಪ್ರಶ್ನೆ ಕೇಳಲು ಹೆಣ್ಣುಮಕ್ಕಳು ಬಹಳ ಹಿಂಜರಿಯುತ್ತಾರೆ. ಹಿಂಜರಿಯಬೇಕಿಲ್ಲ ತಾಯಿ, ಇದಕ್ಕೆ ಕಾನೂನೇ ಇದೆ. 1950ರ ಸೇನಾ ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಸಿವಿಲ್ ನ್ಯಾಯಾಲಯ ಯೋಧನ ಸಂಬಳವನ್ನು ನೇರವಾಗಿ ಜಪ್ತಿ ಮಾಡುವಂತಿಲ್ಲ. ಇದನ್ನು ಕೇಳಿಯೇ ಕೆಲವರು ಕೈಚೆಲ್ಲಿ ಕೂರುತ್ತಾರೆ. ಆದರೆ ಅದೇ ಕಾಯ್ದೆಯ 90 ಮತ್ತು 91ನೇ ಸೆಕ್ಷನ್‌ಗಳು ಹೆಂಡತಿ ಮಕ್ಕಳ ಜೀವನಾಂಶಕ್ಕಾಗಿ ಸಂಬಳದಿಂದ ಹಿಡಿಯುವ ಅಧಿಕಾರವನ್ನು ಸೈನ್ಯಕ್ಕೇ ಕೊಟ್ಟಿವೆ.

ಮಾಡಬೇಕಾದದ್ದು ಇಷ್ಟು: ಅವರ ಸೇನಾ ಸಂಖ್ಯೆ, ಹೆಸರು, ಯೂನಿಟ್ ಬರೆದು ಕಮಾಂಡಿಂಗ್ ಆಫೀಸರ್ ಅವರಿಗೆ ಅರ್ಜಿ ಕಳಿಸಿ. 56 ಎ.ಪಿ.ಓ. ಅಥವಾ 99 ಎ.ಪಿ.ಓ. (ಸೇನಾ ಅಂಚೆ ಕಚೇರಿ) ವಿಳಾಸಕ್ಕೆ ರಿಜಿಸ್ಟರ್ಡ್ ಅಂಚೆ ಹೋಗುತ್ತದೆ. ಮದುವೆಯ ದಾಖಲೆ, ಮಕ್ಕಳ ಜನನ ಪ್ರಮಾಣಪತ್ರ, ನಿಮ್ಮ ಬ್ಯಾಂಕ್ ಖಾತೆಯ ವಿವರ ಜೊತೆಗಿರಲಿ. ಯೂನಿಟ್ ಗಂಡನಿಗೆ ನೋಟಿಸ್ ಕೊಟ್ಟು ಉತ್ತರ ಪಡೆಯುತ್ತದೆ. ಮೇಲಧಿಕಾರಿಗಳು ಆದೇಶ ಮಾಡಿದರೆ ಹಣ ನೇರ ನಿಮ್ಮ ಖಾತೆಗೆ ಬರುತ್ತದೆ. ಕೌಟುಂಬಿಕ ನ್ಯಾಯಾಲಯದಲ್ಲಿ ಜೀವನಾಂಶ ಕೇಳುವ ಹಕ್ಕು ಇದರಿಂದ ತಪ್ಪುವುದಿಲ್ಲ.

## ಕಾಗದಪತ್ರ

ಏನು ಕೇಳಿದರೂ 'ಪಾರ್ಟ್ ಟು ಆರ್ಡರ್ ಆಗಿದೆಯೇ' ಎನ್ನುತ್ತಾರೆ. ಅದೇನು?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯವಿದ್ದರೆ ಇದನ್ನು ಓದಿ.

ಸೈನ್ಯಕ್ಕೆ ನಿಮ್ಮ ಮನೆಯ ವಿಷಯ ತಿಳಿಯುವುದು ಒಂದೇ ದಾರಿಯಿಂದ. ಮದುವೆ, ಮಗುವಿನ ಜನನ, ಮನೆಯವರ ಮರಣ, ವಿಚ್ಛೇದನ, ಹೆಸರು ತಿದ್ದುಪಡಿ, ವಿಳಾಸ ಬದಲಾವಣೆ ಯಾವುದೇ ಆಗಲಿ, ಯೋಧ ದಾಖಲೆ ಕೊಟ್ಟು ಯೂನಿಟ್ಟಿನಲ್ಲಿ ಬರೆಸಬೇಕು. ಯೂನಿಟ್ ಅದನ್ನು ಪಾರ್ಟ್ ಟು ಆರ್ಡರ್ ಆಗಿ ಹೊರಡಿಸುತ್ತದೆ. ಅದು ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿಗೂ ಪೇ ಆಫೀಸಿಗೂ ಹೋಗುತ್ತದೆ. ಮುಂದೆ ಶಿಕ್ಷಣ ಭತ್ಯೆ, ಅವಲಂಬಿತರ ಕಾರ್ಡು, ಕುಟುಂಬ ಪಿಂಚಣಿ ಎಲ್ಲಕ್ಕೂ ಆಧಾರ ಇದೇ. ಊರಿನ ಕಲ್ಯಾಣ ಮಂಟಪದಲ್ಲಿ ಸಾವಿರ ಜನರ ಮುಂದೆ ಮದುವೆಯಾಗಿದ್ದರೂ ಪಾರ್ಟ್ ಟು ಆರ್ಡರ್ ಆಗದಿದ್ದರೆ ಸೈನ್ಯದ ದಾಖಲೆಯಲ್ಲಿ ಅವನು ಅವಿವಾಹಿತ.

ನಮ್ಮ ಕಡೆ ಇದು ತಪ್ಪುವುದು ಹೇಗೆಂದರೆ, ಹುಡುಗ ರಜೆಯಲ್ಲಿ ಬಂದು ಮದುವೆಯಾಗುತ್ತಾನೆ, ಉಳಿದ ದಿನಗಳು ಬೀಗರ ಮನೆ, ದೇವರ ಮನೆ, ಜಾತ್ರೆ ಎಂದು ಕಳೆಯುತ್ತವೆ, ಮದುವೆ ನೋಂದಣಿ ಮುಂದಿನ ರಜೆಗೆ ಎಂದು ಉಳಿಯುತ್ತದೆ. ಮುಂದಿನ ರಜೆಗೆ ಮಗು ಹುಟ್ಟಿರುತ್ತದೆ. ಮದುವೆ ದಾಖಲಾಗದೆ ಮಗುವಿನ ಹೆಸರು ದಾಖಲಾಗುವುದಿಲ್ಲ. ಆದ್ದರಿಂದ ಮದುವೆಯಾದ ವಾರವೇ ಉಪನೋಂದಣಾಧಿಕಾರಿಯ ಕಚೇರಿಗೆ ಹೋಗಿ ಪ್ರಮಾಣಪತ್ರ ಮಾಡಿಸಿ, ಅವನ ಪೆಟ್ಟಿಗೆಯಲ್ಲಿ ಇಟ್ಟು ಕಳಿಸಿ. ಆರ್ಡರ್ ಹೊರಬಂದ ಮೇಲೆ ಅದರ ಸಂಖ್ಯೆ ಮತ್ತು ದಿನಾಂಕವನ್ನು ಮನೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ.

ಆಧಾರ್‌ನಲ್ಲಿ ಒಂದು ಹೆಸರು, ಸೈನ್ಯದ ದಾಖಲೆಯಲ್ಲಿ ಒಂದು. ಪರವಾಗಿಲ್ಲವೇ?

ಈಗ ಪರವಾಗಿಲ್ಲ ಎನಿಸುತ್ತದೆ. ಹಣ ಬರಬೇಕಾದ ದಿನ ತೊಡಕಾಗುತ್ತದೆ. ಒಂದು ಮಾದರಿ ನೋಡಿ: ಆಧಾರ್‌ನಲ್ಲಿ 'ರೇಣುಕಮ್ಮ ಜಿ', ಬ್ಯಾಂಕಿನಲ್ಲಿ 'ರೇಣುಕಾ ಬಸವರಾಜ್', ಪಾರ್ಟ್ ಟು ಆರ್ಡರ್‌ನಲ್ಲಿ ಬರೀ 'ರೇಣುಕಾ'. ತವರಿನ ಇನಿಷಿಯಲ್, ಗಂಡನ ಹೆಸರು, ಕರೆಯುವ ಹೆಸರು ಮೂರೂ ಬೇರೆ ಬೇರೆ ಕಡೆ ಸೇರಿಕೊಂಡಿವೆ. ನಮಗೆ ಮೂರೂ ಒಬ್ಬಳೇ ಸೊಸೆ. ಪಿಂಚಣಿ ಕೊಡುವ 'ಸ್ಪರ್ಶ್' ಎಂಬ ಆನ್‌ಲೈನ್ ವ್ಯವಸ್ಥೆಗೆ ಮೂವರು ಹೆಂಗಸರು.

ಅಕ್ಷರ ಅಕ್ಷರ ಹೊಂದಬೇಕು, ಹುಟ್ಟಿದ ದಿನಾಂಕವೂ ಹೊಂದಬೇಕು. ಮೊದಲು ಆಧಾರ್ ಸರಿಮಾಡಿಸಿ, ಅದರಂತೆ ಪ್ಯಾನ್ ಮತ್ತು ಬ್ಯಾಂಕ್, ಕೊನೆಗೆ ಪಾರ್ಟ್ ಟು ಆರ್ಡರ್. ನೋಟರಿಯ ಅಫಿಡವಿಟ್ ಒಂದೇ ಎಲ್ಲ ಕಡೆ ಸಾಲುವುದಿಲ್ಲ. ತಾಯಿಯ ದಾಖಲೆಗಳನ್ನೂ ಇದರ ಜೊತೆಗೇ ನೋಡಿ. ಹಳೆಯ ಪಡಿತರ ಚೀಟಿಯಲ್ಲಿ ಬರೆದ ವಯಸ್ಸು ಮಗನ ವಯಸ್ಸಿಗೆ ಹೊಂದದಿರುವುದು ಬಹಳ ಕಡೆ ಇದೆ.

ಮದುವೆಗೆ ಮುಂಚೆ ಅಮ್ಮನನ್ನು ನಾಮಿನಿ ಮಾಡಿದ್ದ. ಈಗ ಹೆಂಡತಿಗೆ ಏನೂ ಸಿಗುವುದಿಲ್ಲವೇ? ಹೆಂಡತಿಯನ್ನು ಮಾಡಿದರೆ ಅಮ್ಮನ ಗತಿ ಏನು?

ಅತ್ತೆಯೂ ಸೊಸೆಯೂ ಬೇರೆ ಬೇರೆ ದಿನ ಬಂದು ಕೇಳುವ ಪ್ರಶ್ನೆ ಇದು. ಮೊದಲು ತಿಳಿಯಬೇಕಾದದ್ದು, ಎಲ್ಲ ಹಣಕ್ಕೂ ಒಂದೇ ನಿಯಮವಿಲ್ಲ. ಕುಟುಂಬ ಪಿಂಚಣಿ ನಾಮಿನಿ ನೋಡಿ ಹೋಗುವುದಿಲ್ಲ. ನಿಯಮದಂತೆ ಮೊದಲ ಹಕ್ಕು ಹೆಂಡತಿಯದು. ವಿಮೆ, ಭವಿಷ್ಯನಿಧಿಯಂಥವು ನಾಮಿನಿ ಬರೆಸಿದಂತೆ ಹೋಗುತ್ತವೆ, ಮತ್ತು ವಿಮೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಪಾಲು ಹಂಚಿ ಬರೆಸಲು ಅವಕಾಶವಿದೆ.

ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಪಿಂಚಣಿ ಹೇಗೂ ಹೆಂಡತಿಗೆ ಬರುತ್ತದೆ. ಆದ್ದರಿಂದ ವಿಮೆಯಲ್ಲಿ ತಂದೆತಾಯಿಗೆ ಒಂದು ಪಾಲು ಬರೆಸುವುದು ನ್ಯಾಯ. ಜಮೀನಿಲ್ಲದ, ಬೇರೆ ಮಗನಿಲ್ಲದ ಮನೆಯಾದರೆ ಇದು ಕರ್ತವ್ಯವೇ. ಇದನ್ನು ಯೋಧ ರಜೆಯಲ್ಲಿರುವಾಗ ಇಬ್ಬರನ್ನೂ ಕೂರಿಸಿಕೊಂಡು ಹೇಳಿ ತೀರ್ಮಾನಿಸಬೇಕು. ಅಪಶಕುನದ ಮಾತು ಎಂದು ಹಿರಿಯರು ತಡೆಯುತ್ತಾರೆ. ತಡೆಯಬೇಡಿ.

## ಅಗ್ನಿವೀರರು

ನನ್ನ ತಮ್ಮ ಅಗ್ನಿವೀರ. ಮೇಲಿನದೆಲ್ಲ ಅವನಿಗೂ ಅನ್ವಯಿಸುತ್ತದೆಯೇ?

ಅಪಾಯ ಮತ್ತು ಕಷ್ಟದ ಭತ್ಯೆ, ಪಡಿತರ, ಸಮವಸ್ತ್ರ, ಪ್ರಯಾಣದ ಸೌಲಭ್ಯ ಅನ್ವಯಿಸುತ್ತವೆ. ಉಳಿದದ್ದು ಬೇರೆ. 2022ರ ಜೂನ್‌ನಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಅವನಿಗೆ ಒಟ್ಟು ಪ್ಯಾಕೇಜ್: ಮೊದಲ ವರ್ಷ ತಿಂಗಳಿಗೆ 30,000, ನಂತರ 33,000, 36,500, 40,000. ಇದರಲ್ಲಿ ಶೇ 30 ಸೇವಾನಿಧಿಗೆ ಹೋಗುತ್ತದೆ. ಕೈಗೆ ಬರುವುದು ಮೊದಲ ವರ್ಷ 21,000, ಕೊನೆಯ ವರ್ಷ 28,000. ತುಟ್ಟಿಭತ್ಯೆ, ಮಿಲಿಟರಿ ಸರ್ವಿಸ್ ಪೇ ಇಲ್ಲ. ಗ್ರಾಚ್ಯುಟಿ, ಪಿಂಚಣಿ ಇಲ್ಲ. ರಜೆ ವರ್ಷಕ್ಕೆ 30 ದಿನ. ವಿಮೆ 48 ಲಕ್ಷ, ಅದಕ್ಕೆ ಅವನು ಕಂತು ಕಟ್ಟಬೇಕಿಲ್ಲ. ಕರ್ತವ್ಯದಲ್ಲಿ ಮರಣಿಸಿದರೆ ಇದರ ಮೇಲೆ 44 ಲಕ್ಷ ಪರಿಹಾರ, ಜೊತೆಗೆ ನಾಲ್ಕು ವರ್ಷ ತುಂಬಲು ಉಳಿದ ಅವಧಿಯ ವೇತನ. ಗಾಯದಿಂದ ಅಂಗವೈಕಲ್ಯವಾದರೆ ಪ್ರಮಾಣಕ್ಕೆ ತಕ್ಕಂತೆ 44, 25 ಅಥವಾ 15 ಲಕ್ಷ.

ನಾಲ್ಕು ವರ್ಷಕ್ಕೆ ಸೇವಾನಿಧಿಯ 11.71 ಲಕ್ಷ ಖಂಡಿತ ಬರುತ್ತದಲ್ಲ? ಅದನ್ನು ನಂಬಿ ಈಗಲೇ ಮನೆ ಕಟ್ಟಲು ಸಾಲ ಮಾಡಬಹುದೇ?

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬೇಡಿ. ಆ ಮೊತ್ತದ ಲೆಕ್ಕ ಹೀಗಿದೆ: ಹುಡುಗನ ಪಾಲು ಸುಮಾರು 5.02 ಲಕ್ಷ, ಸರ್ಕಾರದ್ದು ಅಷ್ಟೇ, ಉಳಿದದ್ದು ಬಡ್ಡಿ. ನಾಲ್ಕು ವರ್ಷ ಪೂರೈಸಿ ಹೊರಬಂದರೆ ಪೂರ್ತಿ ಸಿಗುತ್ತದೆ, ತೆರಿಗೆಯೂ ಇಲ್ಲ. ಮಧ್ಯದಲ್ಲಿ ಸ್ವಂತ ಇಚ್ಛೆಯಿಂದ ಬಿಟ್ಟು ಬಂದರೆ ತಾನು ಕಟ್ಟಿದ್ದು ಮತ್ತು ಅದರ ಬಡ್ಡಿ ಮಾತ್ರ. ಇನ್ನೊಂದನ್ನು ಮನೆಯವರು ಗಮನಿಸುವುದೇ ಇಲ್ಲ: ನಾಲ್ಕು ವರ್ಷದ ನಂತರ ಸೈನ್ಯ ಉಳಿಸಿಕೊಳ್ಳುವ ಶೇ 25ರಲ್ಲಿ ಆಯ್ಕೆಯಾಗಿ ಕಾಯಂ ಆದರೂ ಸರ್ಕಾರದ ಪಾಲು ಸಿಗುವುದಿಲ್ಲ, ತನ್ನ ಪಾಲು ಮತ್ತು ಬಡ್ಡಿಯಷ್ಟೇ. ಕಾಯಂ ಆಗಲಿ ಎಂದು ಹರಕೆಯನ್ನೂ ಹೊತ್ತು, 11.71 ಲಕ್ಷದ ಮೇಲೆ ಸಾಲವನ್ನೂ ಮಾಡಿದರೆ, ಹರಕೆ ಫಲಿಸಿದ ದಿನವೇ ಸಾಲ ತೀರಿಸಲು ಹಣವಿರುವುದಿಲ್ಲ.

## ತೊಡಕಿನ ಪ್ರಶ್ನೆಗಳು

ಗಡಿಯ ಭತ್ಯೆಗೆ ಆದಾಯ ತೆರಿಗೆ ಇಲ್ಲವಂತೆ?

ಹಳೆಯ ತೆರಿಗೆ ಪದ್ಧತಿಯಲ್ಲಿ ಸ್ವಲ್ಪ ಭಾಗಕ್ಕೆ ವಿನಾಯಿತಿ ಇದೆ, ಪೂರ್ತಿಗಲ್ಲ. ಫೀಲ್ಡ್ ಪ್ರದೇಶಕ್ಕೆ ತಿಂಗಳಿಗೆ 2,600, ಉಗ್ರರ ವಿರುದ್ಧದ ಕಾರ್ಯಾಚರಣೆಗೆ 3,900, ಅತಿ ಸಕ್ರಿಯ ಫೀಲ್ಡ್ ಪ್ರದೇಶಕ್ಕೆ 4,200 ರೂಪಾಯಿಯವರೆಗೆ. ಹೊಸ ಪದ್ಧತಿಯಲ್ಲಿ ಈ ವಿನಾಯಿತಿಗಳಿಲ್ಲ. ಆದರೆ 2025–26ರಿಂದ ಹೊಸ ಪದ್ಧತಿಯಲ್ಲಿ ಸಂಬಳದಾರರಿಗೆ 12.75 ಲಕ್ಷದವರೆಗೆ ತೆರಿಗೆಯೇ ಬರುವುದಿಲ್ಲವಾದ್ದರಿಂದ ಬಹುತೇಕ ಜವಾನರಿಗೆ ಅದೇ ಹಗುರ. ಪರಮವೀರ, ಮಹಾವೀರ, ವೀರ ಚಕ್ರ ಪಡೆದವರ ಪಿಂಚಣಿಗೆ ತೆರಿಗೆ ಇಲ್ಲ.

ವಿಶ್ವಸಂಸ್ಥೆಯ ಶಾಂತಿಪಡೆಗೆ ಹೋದರೆ ಡಾಲರ್‌ನಲ್ಲಿ ಸಂಬಳವೇ?

ವಿಶ್ವಸಂಸ್ಥೆ ಒಬ್ಬ ಸೈನಿಕನಿಗೆ ತಿಂಗಳಿಗೆ 1,400 ಡಾಲರಿಗಿಂತ ಸ್ವಲ್ಪ ಹೆಚ್ಚು ಮರುಪಾವತಿ ಮಾಡುತ್ತದೆ, ನಿಜ. ಆದರೆ ಅದು ಹೋಗುವುದು ಭಾರತ ಸರ್ಕಾರಕ್ಕೆ. ಯೋಧನಿಗೆ ಇಲ್ಲಿನ ಸಂಬಳ ಮುಂದುವರಿಯುತ್ತದೆ, ಸರ್ಕಾರ ನಿಗದಿ ಮಾಡಿದ ವಿದೇಶಿ ಭತ್ಯೆ ಸೇರುತ್ತದೆ. ವಿಶ್ವಸಂಸ್ಥೆ ನೇರವಾಗಿ ಕೊಡುವುದು ದಿನಕ್ಕೆ 1.28 ಡಾಲರ್ ಕೈಖರ್ಚು, ಮತ್ತು ಆರು ತಿಂಗಳಲ್ಲಿ 15 ದಿನದವರೆಗಿನ ವಿಶ್ರಾಂತಿ ರಜೆಗೆ ದಿನಕ್ಕೆ 10.50 ಡಾಲರ್.

ತಮ್ಮ ಬಿ.ಎಸ್.ಎಫ್.ನಲ್ಲಿದ್ದಾನೆ. ಅವನೂ ಗಡಿಯಲ್ಲೇ ಇದ್ದಾನಲ್ಲ, ಎಲ್ಲ ಒಂದೇ ಅಲ್ಲವೇ?

ಗಡಿ ಒಂದೇ, ಇಲಾಖೆ ಬೇರೆ. ಬಿ.ಎಸ್.ಎಫ್., ಸಿ.ಆರ್.ಪಿ.ಎಫ್. ಗೃಹ ಸಚಿವಾಲಯದ ಕೆಳಗಿವೆ. ಅಪಾಯ ಮತ್ತು ಕಷ್ಟದ ಭತ್ಯೆಯ ಕೋಷ್ಟಕ ಅವರಿಗೂ ಇದೆ, ಮರಣ ಪರಿಹಾರದ ದರಗಳೂ ಅವೇ. ಮಿಲಿಟರಿ ಸರ್ವಿಸ್ ಪೇ ಇಲ್ಲ. 2004ರ ಜನವರಿಯಿಂದ ಈಚೆಗೆ ಸೇರಿದವರನ್ನು ಹೊಸ ಪಿಂಚಣಿ ಯೋಜನೆಗೆ ಸೇರಿಸಲಾಗಿದೆ. ಸೇನೆಯ ಕಾಯಂ ಜವಾನರಿಗೆ 15 ವರ್ಷದ ಅರ್ಹ ಸೇವೆಗೆ ಹಳೆಯ ಪಿಂಚಣಿಯೇ ಇದೆ. ಒಂದೇ ಬಿಸಿಲು ಒಂದೇ ಚಳಿ ತಿನ್ನುವವರ ನಡುವೆ ಇಷ್ಟು ಅಂತರ ಇರಬಾರದು ಎಂದು ನನಗೆ ಯಾವಾಗಲೂ ಅನಿಸುತ್ತದೆ.

ಈ ಮಾತು ಬಾಯಿಂದ ಬರಬಾರದು. ಆದರೂ ಕೇಳುತ್ತೇನೆ, ಹೆಚ್ಚುಕಡಿಮೆಯಾದರೆ ಮನೆಗೆ ಏನು ಆಧಾರ?

ಕೇಳಿದ್ದು ಒಳ್ಳೆಯದಾಯಿತು. ಎರಡು ಬಗೆಯ ಹಣ ಬರುತ್ತದೆ, ಒಂದು ಸಲದ್ದು ಮತ್ತು ತಿಂಗಳು ತಿಂಗಳಿನದು.

ಒಂದು ಸಲದ ಕೇಂದ್ರ ಪರಿಹಾರ 2016ರ ಜನವರಿಯಿಂದ ಹೀಗಿದೆ: ಕರ್ತವ್ಯದ ವೇಳೆ ಅಪಘಾತ ಅಥವಾ ಭಯೋತ್ಪಾದಕರ ಹಿಂಸೆಯಿಂದಾದರೆ 25 ಲಕ್ಷ. ಗಡಿ ಘರ್ಷಣೆ, ಉಗ್ರರ ವಿರುದ್ಧದ ಕಾರ್ಯಾಚರಣೆ, ಅಥವಾ ಗೊತ್ತುಪಡಿಸಿದ ಎತ್ತರದ ಪ್ರದೇಶದಲ್ಲಿ ಪ್ರಕೃತಿ ವಿಕೋಪ, ವಿಪರೀತ ಹವೆಯಿಂದಾದರೆ 35 ಲಕ್ಷ. ಯುದ್ಧದಲ್ಲಿ ಶತ್ರುವಿನ ದಾಳಿಯಿಂದಾದರೆ 45 ಲಕ್ಷ. ಇದಕ್ಕೆ ಗುಂಪು ವಿಮೆ, ಗ್ರಾಚ್ಯುಟಿ, ಭವಿಷ್ಯನಿಧಿ ಸೇರುತ್ತವೆ. ಯುದ್ಧಸಂಬಂಧಿ ಮರಣಕ್ಕೆ ಕಲ್ಯಾಣ ನಿಧಿಯಿಂದ ಕೊಡುವ ನೆರವನ್ನು 2019ರಲ್ಲಿ 2 ಲಕ್ಷದಿಂದ 8 ಲಕ್ಷಕ್ಕೆ ಏರಿಸಿದರು. ಸಂಬಳದ ಖಾತೆ ಇರುವ ಬ್ಯಾಂಕಿನ ಅಪಘಾತ ವಿಮೆ ಬೇರೆ. ಅದಕ್ಕೆ ಖಾತೆ ಸೇನಾ ಸಂಬಳದ ಪ್ಯಾಕೇಜಿನಲ್ಲಿ ಇರಬೇಕು. ಸಾಮಾನ್ಯ ಉಳಿತಾಯ ಖಾತೆಯಾಗಿಯೇ ಉಳಿದಿದೆಯೇ ಎಂದು ಇವತ್ತೇ ವಿಚಾರಿಸಿ.

ತಿಂಗಳಿನ ಪಿಂಚಣಿಯನ್ನು ಮೊದಲು ಹೇಳಿದ ಹೊಸ ಸಿಪಾಯಿಯ 26,900ರ (ಮೂಲ ವೇತನ ಮತ್ತು ಮಿಲಿಟರಿ ಸರ್ವಿಸ್ ಪೇ) ಲೆಕ್ಕದಿಂದಲೇ ಹೇಳುತ್ತೇನೆ. ಕಾರ್ಯಾಚರಣೆಯಲ್ಲಿ ವೀರಮರಣವಾದರೆ ಉದಾರೀಕೃತ ಕುಟುಂಬ ಪಿಂಚಣಿ, ಅಂದರೆ ಪೂರ್ತಿ 26,900. ಸೇವೆಯ ಕಾರಣದಿಂದ ಮರಣವೆಂದು ಒಪ್ಪಿದರೆ ವಿಶೇಷ ಕುಟುಂಬ ಪಿಂಚಣಿ, ಶೇ 60. ಸೇವೆಗೆ ಸಂಬಂಧವಿಲ್ಲದ ಕಾಯಿಲೆಯಂಥ ಕಾರಣಕ್ಕೆ ಹತ್ತು ವರ್ಷ ಶೇ 50, ಅಂದರೆ 13,450. ಆಮೇಲೆ ಶೇ 30, ಆದರೆ 9,000ಕ್ಕಿಂತ ಕಡಿಮೆಯಿಲ್ಲ. ಎಲ್ಲದರ ಮೇಲೂ ತುಟ್ಟಿ ಪರಿಹಾರ ಸೇರುತ್ತದೆ. ಮರಣದ ಕಾರಣವನ್ನು ಹೇಗೆ ದಾಖಲಿಸಿದ್ದಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಆ ದಾಖಲೆಯ ಪ್ರತಿ ಕೇಳಿ ಪಡೆಯಿರಿ. ತಪ್ಪೆನಿಸಿದರೆ ಮೇಲ್ಮನವಿ ಸಲ್ಲಿಸಿ, ಅದು ತಿರಸ್ಕೃತವಾದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ.

ಕಾಗದಗಳನ್ನು ಯೂನಿಟ್ ಮತ್ತು ರೆಕಾರ್ಡ್ ಆಫೀಸೇ ತಯಾರಿಸುತ್ತವೆ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ ಉಚಿತವಾಗಿ ನೆರವಾಗುತ್ತದೆ. ಶೇಕಡಾ ಇಷ್ಟು ಕೊಟ್ಟರೆ ಬೇಗ ಮಾಡಿಸುತ್ತೇನೆ ಎಂದು ಬರುವವರನ್ನು ಹೊಸಿಲು ದಾಟಿಸಬೇಡಿ.

ಗಾಯಗೊಂಡು ವಾಪಸ್ ಬಂದರೆ?

ವೈದ್ಯಕೀಯ ಮಂಡಳಿ ಎರಡು ವಿಷಯ ತೀರ್ಮಾನಿಸುತ್ತದೆ: ಅಂಗವೈಕಲ್ಯ ಶೇಕಡಾ ಎಷ್ಟು, ಮತ್ತು ಅದು ಸೇವೆಯಿಂದ ಆದದ್ದೇ ಅಥವಾ ಸೇವೆಯಿಂದ ಉಲ್ಬಣಗೊಂಡದ್ದೇ. ಎರಡನೆಯದಕ್ಕೆ 'ಅಲ್ಲ' ಎಂದು ಬರೆದರೆ ಹೆಚ್ಚುವರಿ ಪಿಂಚಣಿ ಕೈತಪ್ಪುತ್ತದೆ. ಗಾಯವಾದ ದಿನದ ಗಾಯದ ವರದಿ, ವಿಚಾರಣಾ ನಡಾವಳಿಯ ಪ್ರತಿ ಯೋಧನ ಬಳಿ ಇರಲೇಬೇಕು. ಶತ್ರುವಿನ ಅಥವಾ ಉಗ್ರರ ದಾಳಿಯ ಗಾಯಕ್ಕೆ ಯುದ್ಧಗಾಯದ ಪಿಂಚಣಿ ಬೇರೆಯೇ ಇದ್ದು, ದರ ಹೆಚ್ಚು.

ಅಣ್ಣ ಅರುಣಾಚಲದಲ್ಲಿರುವಾಗ ದಾಯಾದಿಗಳು ಅಡಿಕೆ ತೋಟದ ಮೇಲೆ ದಾವೆ ಹಾಕಿದ್ದಾರೆ. ಅವನು ಬರಲಾಗದೆ ತೀರ್ಪು ಆಗಿಬಿಟ್ಟರೆ?

ಸಂಬಳದಷ್ಟೇ ಬೆಲೆಬಾಳುವ, ಆದರೆ ಇಲ್ಲಿನ ವಕೀಲರಲ್ಲೂ ಕೆಲವರಿಗೆ ನೆನಪಿರದ ಸೌಲಭ್ಯ ಇದು. 1925ರ ಭಾರತೀಯ ಸೈನಿಕರ ವ್ಯಾಜ್ಯ ಕಾಯ್ದೆ ಇನ್ನೂ ಜಾರಿಯಲ್ಲಿದೆ. ವಿಶೇಷ ಪರಿಸ್ಥಿತಿಯಲ್ಲಿ ಸೇವೆ ಸಲ್ಲಿಸುತ್ತಿರುವ ಯೋಧ ಸಿವಿಲ್ ಅಥವಾ ಕಂದಾಯ ನ್ಯಾಯಾಲಯದಲ್ಲಿ ಪಕ್ಷಗಾರನಾಗಿದ್ದು, ಅವನ ಪರವಾಗಿ ಅಧಿಕೃತವಾಗಿ ಯಾರೂ ಇಲ್ಲದಿದ್ದರೆ, ಅವನ ಬೆನ್ನ ಹಿಂದೆ ಪ್ರಕರಣ ಮುಗಿಸದೆ ಸೇನಾಧಿಕಾರಿಗಳಿಗೆ ತಿಳಿಸಿ ವಿಚಾರಣೆ ಮುಂದೂಡಲು ಇದರಲ್ಲಿ ಅವಕಾಶವಿದೆ. ಜಿಲ್ಲಾಧಿಕಾರಿಯೂ ನ್ಯಾಯಾಲಯಕ್ಕೆ ಪ್ರಮಾಣೀಕರಿಸಿ ತಿಳಿಸಬಹುದು.

ಸಮನ್ಸ್ ಮನೆಗೆ ಬಂದ ದಿನವೇ ಅದರ ಪ್ರತಿಯನ್ನು ಅಣ್ಣನಿಗೆ ಕಳಿಸಿ, ಯೂನಿಟ್ಟಿನಿಂದ ಸೇವಾ ಪ್ರಮಾಣಪತ್ರ ತರಿಸಿಕೊಳ್ಳಿ. ಅದನ್ನು ಜಿಲ್ಲಾಧಿಕಾರಿ ಕಚೇರಿಗೂ ನ್ಯಾಯಾಲಯಕ್ಕೂ ಕೊಡಿ. ಅವಸರದಲ್ಲಿ ಯಾರಿಗೋ ಜಿ.ಪಿ.ಎ. (ತನ್ನ ಪರವಾಗಿ ವ್ಯವಹರಿಸುವ ಅಧಿಕಾರಪತ್ರ) ಬರೆದುಕೊಟ್ಟರೆ 'ಪ್ರತಿನಿಧಿ ಇದ್ದಾನೆ' ಎಂದಾಗಿ ಈ ರಕ್ಷಣೆ ಸಡಿಲಾಗುತ್ತದೆ. ಆದ್ದರಿಂದ ಸಹಿ ಹಾಕುವ ಮುಂಚೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಒಮ್ಮೆ ಕೇಳಿ.